ಮಾವನ ಪಾಲಿನ ಚಾಕೊಲೇಟ್

ನಮ್ಮ ಅತ್ತೆ ಎರ್ಮಿನಿಯಾ ಹಟಕ್ಕೆ ಬಿದ್ದರೆ ಮುಗಿಯಿತು, ಇಡೀ ಓಹಾಕಾ ಊರೇ ಬಂದು ಹೇಳಿದರೂ ಕೇಳುವವರಲ್ಲ. ಹೋದ ವರ್ಷ ಮಾವ ಸಕ್ಕರೆ ಕಾಯಿಲೆಯಿಂದ ಹಾಸಿಗೆ ಹಿಡಿದಾಗ, ಕೊನೆಯ ನಾಲ್ಕು ತಿಂಗಳು ಅತ್ತೆ ಅವರಿಗೆ ಒಂದು ಚೂರೂ ಚಾಕೊಲೇಟ್ ಕೊಡಲಿಲ್ಲ. ಆ ಸಿಟ್ಟಿಗೆ ಮಾವ ಹೆಂಡತಿಯ ಜೊತೆ ಮಾತು ಬಿಟ್ಟರು. ಮಾತು ಬಿಟ್ಟವರು ಹಾಗೇ ಹೋಗಿಬಿಟ್ಟರು.

ಅದಕ್ಕೇ ಈ ಸಲ, ಹೋದವರು ಮನೆಗೆ ಬಂದು ಹೋಗುತ್ತಾರೆನ್ನುವ ಸತ್ತವರ ಹಬ್ಬಕ್ಕೆ, ಅತ್ತೆ ತಾವೇ ಗಿರಣಿಗೆ ಹೋಗಿ ಕೋಕೋ, ಬಾದಾಮಿ, ಚಕ್ಕೆ ಬೀಸಿಸಿಕೊಂಡು ಬಂದರು. ಮಾವನ ಫೋಟೋ ಮುಂದೆ ಚೆಂಡುಹೂವು ಹರಡಿ ಹನ್ನೆರಡು ಚಾಕೊಲೇಟ್ ಬಿಲ್ಲೆ ಜೋಡಿಸಿದರು. ಬೆಳಿಗ್ಗೆ ಅತ್ತೆ, ನಾನು ಇಬ್ಬರೂ ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಒಂದೂ ಇಲ್ಲ.

“ಬಂದಿದ್ರು ಕಣೇ ನಿಯೆವೆಸ್,” ಎಂದು ಅತ್ತೆ ಕಣ್ಣೊರೆಸಿಕೊಂಡರು. “ತಿಂದು ಹೋಗಿದ್ದಾರೆ. ಸಿಟ್ಟು ಇಳಿದಿದೆ.”

“ಹೋದವರು ಬರೀ ಘಮ ತಗೋತಾರೆ ಅಂತ ನೀವೇ ಹೇಳ್ತಿದ್ರಲ್ಲ ಅತ್ತೆ?”

“ನಿಮ್ಮ ಮಾವನ ಬಾಯಿಚಪಲ ನಿಂಗೇನು ಗೊತ್ತು, ಸುಮ್ನಿರು,” ಎಂದು ನಕ್ಕರು.

ಅವರು ನಕ್ಕಿದ್ದನ್ನು ನೋಡಿ ವರ್ಷವಾಗಿತ್ತು.

ಅಷ್ಟರಲ್ಲಿ ನಮ್ಮ ನಾಯಿ ತೆಪಾಚೆ ಅಂಗಳದಲ್ಲಿ ಗಿರಗಿರ ಸುತ್ತತೊಡಗಿತು. ಬಕೆಟ್ ನೀರನ್ನೆಲ್ಲ ಖಾಲಿ ಮಾಡಿ ಏದುಸಿರು ಬಿಟ್ಟಿತು. ಎದೆ ಮುಟ್ಟಿದರೆ ಢವಢವ. ಆಟೋ ಹಿಡಿದು ಪಶುವೈದ್ಯೆಯ ಹತ್ತಿರ ಓಡಿದೆವು.

“ಏನು ತಿಂದಿದೆ? ಸರಿಯಾಗಿ ಹೇಳಿ,” ಎಂದಳು ಆಕೆ. “ಇಲಿಪಾಷಾಣಕ್ಕೆ ಒಂದು ಮದ್ದು, ಚಾಕೊಲೇಟೂ ನಾಯಿಗೆ ವಿಷವೇ, ಅದಕ್ಕೆ ಇನ್ನೊಂದು. ತಡ ಮಾಡಿದ್ರೆ ನಾಯಿ ಉಳಿಯಲ್ಲ.”

ಎಲ್ಲದಕ್ಕೂ ಬಾಯಿ ಹಾಕುವವಳು ನಾನು. ಇದನ್ನು ಮಾತ್ರ ಅತ್ತೆಯೇ ಹೇಳಲಿ ಎಂದು ಅವರ ಮುಖ ನೋಡಿದೆ.

“ಮನೇಲಿ ಚಾಕೊಲೇಟ್ ಇತ್ತಾ? ಬೇರೆ ಯಾರಾದ್ರೂ ತಿಂದಿರಬಹುದಾ?”

ಅತ್ತೆ ನಾಯಿಯ ತಲೆ ಸವರುತ್ತ ನಿಂತಿದ್ದರು. “ಹನ್ನೆರಡು ಬಿಲ್ಲೆ,” ಎಂದರು ಕೊನೆಗೆ. “ಎಲ್ಲಾ ಇದೇ ತಿಂದಿದ್ದು. ಬೇರೆ ಯಾರೂ ಬಂದಿರ್ಲಿಲ್ಲ.”

ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ತಿಂದದ್ದೆಲ್ಲ ಹೊರಗೆ ಬಂತು, ಚೆಂಡುಹೂವಿನ ಎಸಳೂ ಸೇರಿ. ಸಂಜೆಗೆ ಮನೆಗೆ ಕಳಿಸಿದರು.

ಆಟೋದಲ್ಲಿ ಆ ಕಳ್ಳ ನನ್ಮಗ ಅತ್ತೆಯ ಮಡಿಲಲ್ಲಿ ಗೊರಕೆ ಹೊಡೆಯುತ್ತಿದ್ದ.

“ಬರ್ಲೇ ಇಲ್ಲ ನೋಡು,” ಎಂದರು ಅತ್ತೆ. “ಇನ್ನೂ ಸಿಟ್ಟೇ.”

ನನಗೆ ಸಂಕಟವೂ ಆಯಿತು, ರೇಗಿಯೂ ಹೋಯಿತು. “ಮಾವನಿಗೆ ಉಳಿದಿರೋದು ಮೂರೇ ವಾರ ಅಂತ ಡಾಕ್ಟರು ಅಂದಿದ್ರು ಅತ್ತೆ. ನಾಲ್ಕು ತಿಂಗಳು ಇದ್ರಲ್ಲ, ಅದು ಯಾರಿಂದ?”

ಅತ್ತೆ ಮನೆ ಬರುವವರೆಗೂ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು.