ನಾಲ್ಕೂ ಕಾಲು ಸರಿ ಅವೆ

“ಎಡಕ್ಕೆ ವಾಲ್ತಾ ಐತೆ, ಹಿಡೀರಿ, ಹಿಡೀರಿ!” ಎಂದು ಮೂರ್ತಪ್ಪ ಕೂಗುವಷ್ಟರಲ್ಲಿ ಮುರುಗಪ್ಪನ ತಲೆ ಜೀಪಿನ ಕಬ್ಬಿಣದ ಕಂಬಿಗೆ ಟಣ್ಣನೆ ಬಡಿಯಿತು. ಬದುಕಿದ್ದರೆ ಆ ಕಂಬಿಯನ್ನು ಅಲ್ಲಿ ಬೆಸೆದವನ ಏಳು ತಲೆಮಾರು ಎತ್ತಿ ಬಯ್ಯುತ್ತಿದ್ದ. ಬೆಸೆದವನೂ ಅವನೇ, ಬೆಳಗಿನ ಜಾವ ಎದೆ ಹಿಡಿದುಕೊಂಡು ತೀರಿಹೋದವನೂ ಅವನೇ ಆದ್ದರಿಂದ ಸುಮ್ಮನೆ ಕೂತಿದ್ದ.

ಹಣೆ ತುಂಬ ವಿಭೂತಿ, ಹೊಸ ಪಂಚೆ, ಹೆಗಲ ಮೇಲೆ ಬಿಳಿ ಶಲ್ಯ, ಕೊರಳಲ್ಲಿ ಸೇವಂತಿಗೆ ಹಾರ. ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವ ಮನೆತನ ಅವರದು. ಹಾಗಾಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸುವುದಕ್ಕೆ ಶಾಸ್ತ್ರದ ಅಡ್ಡಿಯೇನೂ ಇರಲಿಲ್ಲ. ಅಡ್ಡಿಯಿದ್ದದ್ದು ಮೂರ್ತಪ್ಪನಿಗೆ. ಅವನು ಸತ್ತವನ ದೊಡ್ಡಪ್ಪನ ಮಗ. ಊರಿನಲ್ಲಿ ಯಾರ ಮನೆಯ ಸಾವಿಗೇ ಆಗಲಿ, ಯಜಮಾನಿಕೆ ತನ್ನದೇ ಎಂದು ನಂಬಿದವನು.

“ಹೂವಿನ ವಿಮಾನ ಕಟ್ಟಿ, ಹೆಗಲ ಮೇಲೆ ಹೊತ್ಕಂಡು ಹೋಗ್ಬೇಕಾದ ಹೆಣ ಕಣಮ್ಮ ಇದು,” ಎಂದ.

“ಹೊತ್ಕಳ್ರಿ ಮತ್ತೆ, ಬ್ಯಾಡ ಅಂದೋರ್ಯಾರು?” ಎಂದಳು ಮುರುಗಪ್ಪನ ಹೆಂಡತಿ ಬಸಮ್ಮ.

ಮೂರ್ತಪ್ಪ ಸುತ್ತ ನೋಡಿದ. ಹೊರುವುದಕ್ಕೆ ನಿಂತವರಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ ಐವತ್ತೆಂಟು ವರ್ಷ, ಮೊಣಕಾಲಿಗೆ ಪಟ್ಟಿ. ಗುಂಡಿ ತೋಡಿದ್ದು ಕೋಡುಗಲ್ಲು ಗುಡ್ಡದ ಹೆಗಲಿನಲ್ಲಿದ್ದ ಮುರುಗಪ್ಪನ ಸ್ವಂತ ಹೊಲದಲ್ಲಿ. ಹಿಂದಿನ ದಿನ ಸುರಿದ ಮಳೆಗೆ ಹಳ್ಳ ಬಂದಿತ್ತು. ಉಪ್ಪು, ವಿಭೂತಿ ಗಟ್ಟಿ ಹೇರಿಕೊಂಡು ಮೊದಲೇ ಹೊರಟಿದ್ದ ಟ್ರ್ಯಾಕ್ಟರು ಆ ಹಳ್ಳದಲ್ಲಿ ಹೂತುಹೋಗಿ, ಡ್ರೈವರು ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದಾನೆಂದು ಸುದ್ದಿ ಬಂದಿತ್ತು.

ಮುರುಗಪ್ಪನ ಅಳಿಯ ಶರಣ್‌ಗೆ ಕಾರು ಓಡಿಸಲು ಬರುತ್ತಿತ್ತು. ಆದರೆ ಜೀಪು ಹತ್ತಿ, ಒಂದರ ಪಕ್ಕ ಒಂದು ನಿಂತಿದ್ದ ಮೂರು ಲಿವರ್ ನೋಡಿ, ಬಾಗಿಲೇ ಇಲ್ಲದ ಆ ಗಾಡಿಯಿಂದ ಮರ್ಯಾದೆಯಾಗಿ ಇಳಿದುಬಿಟ್ಟಿದ್ದ. ಐಮಂಗಲದಲ್ಲಿ ಆ ಜೀಪು ಓಡಿಸಿದವರು ಇಬ್ಬರೇ. ಒಬ್ಬ ಸತ್ತಿದ್ದ. ಇನ್ನೊಬ್ಬ, ಅವನ ಕೈಯಲ್ಲೇ ಓಡಿಸುವುದು ಕಲಿತವನು, ಬೆಳಿಗ್ಗೆಯಿಂದ ಬೇಲಿಯಾಚೆ ಕಂಬಳಿ ಹೊದ್ದು ನಿಂತಿದ್ದ, ಒಳಗೆ ಕಾಲಿಟ್ಟಿರಲಿಲ್ಲ. ಬಸಮ್ಮ ತಾನೇ ಹೋಗಿ ಕರೆತಂದಳು.

ಹೀಗೆ ಗೊಲ್ಲರಹಟ್ಟಿಯ ಜುಂಜಣ್ಣ ಸ್ಟೇರಿಂಗು ಹಿಡಿದು ಕೂತಿದ್ದ. ಎಡಕ್ಕೆ ತಿರುಗಿ ನೋಡಲಿಲ್ಲ. ಮೂರು ವರ್ಷದಿಂದ ಆ ಮುಖದ ಜೊತೆ ಮಾತಿಲ್ಲ. ಈಗ ನೋಡಿದರೆ ಅಳು ಬರುತ್ತದೋ ಬೈಗುಳ ಬರುತ್ತದೋ ಅವನಿಗೇ ಗೊತ್ತಿರಲಿಲ್ಲ.

*

ಗಾಡಿಯ ಹುಚ್ಚು ಹತ್ತಿದ್ದು ಮುರುಗಪ್ಪನಿಗೇ. ಬಬ್ಬೂರಿನ ಕೃಷಿ ಫಾರಂನಲ್ಲಿ ಮೂವತ್ತು ವರ್ಷ ಟ್ರ್ಯಾಕ್ಟರು ಓಡಿಸಿ ನಿವೃತ್ತನಾದವನು ಮನೆಯಲ್ಲಿ ಫೋನು ಹಿಡಿದು ಕೂತ. ಫೋನಿನಲ್ಲಿ ಯಾರ‍್ಯಾರೋ ಜೀಪಿನಲ್ಲಿ ಬಂಡೆ ಹತ್ತುತ್ತಿದ್ದರು, ಕೆಸರಿನಲ್ಲಿ ಈಜುತ್ತಿದ್ದರು. ದಾರಿಯೇ ಇಲ್ಲದ ಕಡೆ ಬೇಕೆಂದೇ ಹೋಗುತ್ತಿದ್ದರು.

“ಲೇ ಜುಂಜ, ನಾವೂ ಒಂದು ಹಳೇ ಡೀಸೆಲ್ ಜೀಪು ತಗಳಾಣ. ನಾಲ್ಕೂ ಚಕ್ರಕ್ಕೆ ಇಂಜಿನ್ ಎಳೆತ ಇರೋದು. ಟೈರು ದೊಡ್ಡದು ಹಾಕಾಣ, ಮೈ ಎತ್ತರ ಮಾಡಾಣ. ಕೋಡುಗಲ್ಲು ಹತ್ತಾಣ.”

“ಕೋಡುಗಲ್ಲು ನಾನು ದಿನಾ ಹತ್ತುತೀನಲ್ಲೋ, ಕುರಿ ಹಿಂದೆ.”

“ಅದಕ್ಕೇ ಕಣೋ. ದಾರಿ ನಿಂದು, ಗಾಡಿ ನಂದು.”

ಜುಂಜಣ್ಣನಿಗೆ ಆ ಮಾತು ಹಿಡಿಸಿತು. ಹನ್ನೆರಡು ಟಗರು ಮಾರಿ ಅರ್ಧ ಪಾಲು ಹಾಕಿದ. ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರ ಗೋದಾಮಿನ ಹಿಂದೆ, ಗೋಣಿಚೀಲದಡಿ ಮುಚ್ಚಿಹೋಗಿದ್ದ ಜೀಪು ಸಿಕ್ಕಿತು. ಮುರುಗಪ್ಪ ಇಂಜಿನ್ನಿಗೆ ಕಿವಿಯಿಟ್ಟ, ಆಯಿಲ್ಲನ್ನು ಬೆರಳಿನಲ್ಲಿ ತಿಕ್ಕಿ ಮೂಸಿದ. ಜುಂಜಣ್ಣ ತನಗೆ ಗೊತ್ತಿದ್ದ ರೀತಿಯಲ್ಲಿ ನೋಡಿದ. ಬಾನೆಟ್ ಎತ್ತಿ ಬಾಯಿ ನೋಡಿದ, ಬೆನ್ನು ಒತ್ತಿ ಬಿಟ್ಟ, ಹೊಟ್ಟೆಯಡಿ ತೂರಿ ಒಂದೊಂದೇ ಕಾಲನ್ನು ತೊಡೆಯಿಂದ ಗೊರಸಿನವರೆಗೆ ಸವರಿದ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇಂಜಿನ್ನಿನಿಂದ ಒಂದೊಂದು ದಪ್ಪ ನರ ಹೋಗಿತ್ತು. ಎರಡೂ ಗಟ್ಟಿಯಾಗಿದ್ದವು.

“ನಾಲ್ಕೂ ಕಾಲು ಸರಿ ಅವೆ. ಕಟ್ಟು,” ಎಂದು ಎದ್ದು ಬಂದು ತಲೆಯ ಮೇಲಿನ ಜೇಡರ ಬಲೆ ತೆಗೆದ. ಅಡಿಕೆ ವ್ಯಾಪಾರಿ ನಕ್ಕು ಕಾಫಿ ಕೊಡಿಸಿದರು. ಅವರಿಗೂ ಆ ಗಾಡಿಯ ಬಗ್ಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

*

ಜೀಪು ಹಳ್ಳವನ್ನು ಸುಲಭವಾಗಿ ದಾಟಿತು. ಹೂತಿದ್ದ ಟ್ರ್ಯಾಕ್ಟರಿನ ಡ್ರೈವರು ಜೀಪು ಬರುವುದನ್ನು ಕಂಡು ಬೀಡಿ ಎಸೆದು, “ನಮಸ್ಕಾರ ಮುರುಗಣ್ಣ, ಹಗ್ಗ ಐತಾ?” ಎಂದು ಕೂಗಿದ. ಆಮೇಲೆ ನೆನಪಾಗಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಹಿಂದಿನ ಸೀಟಿನಲ್ಲಿ, ಟ್ರ್ಯಾಕ್ಟರಿನಿಂದ ಇಳಿಸಿ ಹೇರಿಕೊಂಡ ಉಪ್ಪು, ವಿಭೂತಿಯ ಮೂಟೆಗಳ ನಡುವೆ, ಅಯ್ಯನವರಿದ್ದರು. ಸಂಸ್ಕಾರ ಮಾಡಿಸುವ ಅಯ್ಯನವರು ಹೆಣದ ಜೊತೆಯಲ್ಲೇ ಬರಬೇಕು ಎಂದು ಮೂರ್ತಪ್ಪನೇ ಅವರನ್ನು ಹತ್ತಿಸಿ, ತಾನು ಜಾಣತನದಿಂದ ನಡೆದು ಬರುತ್ತಿದ್ದ. ಅಯ್ಯನವರು ಒಂದು ಕೈಯಲ್ಲಿ ಶಂಖ, ಇನ್ನೊಂದರಲ್ಲಿ ಕಂಬಿ ಹಿಡಿದು ಮಂತ್ರ ಹೇಳುತ್ತಿದ್ದರು. ಅದು ಸತ್ತವನಿಗೋ ತಮಗೋ ಎಂಬುದು ಸ್ಪಷ್ಟವಿರಲಿಲ್ಲ.

“ನಿಧಾನ ಜುಂಜಣ್ಣ, ನಿಧಾನ. ಅವರಿಗೇನೂ ಅವಸರ ಇಲ್ಲ.”

ಜಾರುಬಂಡೆ ಎದುರಾಯಿತು. ಗುಡ್ಡದ ಹೆಗಲಿಗೆ ಗಾಡಿ ಹೋಗಬಹುದಾದ ದಾರಿ ಅದೊಂದೇ. ಬೋಳು ಬಂಡೆ, ಮೇಲೆ ಮಳೆಯ ಪಾಚಿ. ಜುಂಜಣ್ಣ ಅದರ ಬುಡದಲ್ಲಿ ಗಾಡಿ ನಿಲ್ಲಿಸಿದ.

*

ಮೂರು ವರ್ಷದ ಕೆಳಗೆ ಇದೇ ಬಂಡೆಯ ಮೇಲೆ ಮುರುಗಪ್ಪ ಫೋರ್‌ವೀಲ್ ಲಿವರ್ ಎಳೆದು, “ನೋಡ್ತಿರು ಮಗನೇ,” ಎಂದಿದ್ದ. ಜುಂಜಣ್ಣ ನೋಡುತ್ತಲೇ ಇದ್ದ. ಹಿಂದಿನ ಚಕ್ರ ಹೊಗೆಯೆದ್ದು ತಿರುಗಿತು, ಮುಂದಿನದು ಮಲಗಿದ ಎಮ್ಮೆಯಂತೆ ಇದ್ದಲ್ಲೇ ಇತ್ತು. ಜೀಪು ಹಿಂದಕ್ಕೆ ಜಾರಿ, ಇಬ್ಬರನ್ನೂ ಪಾಪಾಸುಕಳ್ಳಿಯ ಪೊದೆಗೆ ಒಗೆಯಿತು.

ಹಿರಿಯೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಇಬ್ಬರೂ ಅಕ್ಕಪಕ್ಕದ ಮಂಚದಲ್ಲಿ ಬೋರಲು ಮಲಗಿದ್ದರು. ನರ್ಸಮ್ಮ ಚಿಮುಟದಿಂದ ಮುಳ್ಳು ಕೀಳುತ್ತಿದ್ದಳು.

“ನಾಲ್ಕೂ ಕಾಲು ಸರಿ ಅವೆ ಅಂದ್ಯಲ್ಲ. ಎರಡೇ ಕಾಲಲೇ ಅದಕ್ಕೆ!” ಎಂದ ಮುರುಗಪ್ಪ, ದಿಂಬಿನೊಳಗಿನಿಂದ.

“ಸರಿ ಅವೆ. ಕೈಯಾರೆ ಮುಟ್ಟಿ ನೋಡೀನಿ. ಓಡ್ಸಾಕೆ ಬರ್ಲಿಲ್ಲ ನಿಂಗೆ.”

“ಮೂವತ್ತು ವರ್ಷ ಸರ್ವೀಸು ನಂದು! ಕುರಿ ಕಾಯೋನ ಮಾತು ಕೇಳಿ ಗಾಡಿ ತಗಂಡ್ನಲ್ಲ, ನನ್ನ ಚಪ್ಪಲೀಲಿ ನಾನೇ ಹೊಡ್ಕಬೇಕು.”

ಜುಂಜಣ್ಣ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಮುಳ್ಳು ನೋಯಲಿಲ್ಲ, ಆ ಮಾತು ನೋಯಿತು. ಅಲ್ಲಿಂದ ಮಾತು ನಿಂತಿತು.

ಮುರುಗಪ್ಪ ಜೀಪನ್ನು ಯಾವ ಮೆಕ್ಯಾನಿಕ್ಕಿಗೂ ತೋರಿಸಲಿಲ್ಲ. ಫಾರಂ ಡ್ರೈವರು ಮೋಸ ಹೋದ ಎಂದು ಊರು ಆಡಿಕೊಳ್ಳುವುದು ಅವನಿಗೆ ಬೇಕಿರಲಿಲ್ಲ. ಮುಂದಿನ ಭಾಗವನ್ನು ತಾನೇ ಮೂರು ಸಲ ಬಿಚ್ಚಿದ. ಮೂರು ಸಲವೂ ಎಲ್ಲ ಸರಿಯಾಗಿಯೇ ಇತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬಂದು ಟೈರು ಬದಲಿಸಿದ, ಕಂಬಿ ಬೆಸೆದ, ಹೊಗೆ ಕೊಳವೆಯನ್ನು ತಲೆಯ ಮೇಲಕ್ಕೆ ಎತ್ತಿ ಕಟ್ಟಿದ. ಆ ಸುತ್ತಿಗೆಯ ಸದ್ದು ಹಟ್ಟಿಗೆ ಕೇಳಿಸುತ್ತಿತ್ತು. ಸದ್ದು ಬಂದಾಗಲೆಲ್ಲ ಜುಂಜಣ್ಣ, ಇವತ್ತು ಬರಬಹುದು, ‘ತಪ್ಪು ನಂದು’ ಅಂತ ಒಂದು ಮಾತು ಹೇಳಬಹುದು, ಎಂದುಕೊಳ್ಳುತ್ತಿದ್ದ. ಆ ಒಂದು ಮಾತಿಗೆ ಮೂರು ವರ್ಷ ಕಾದಿದ್ದ. ಇನ್ನು ಅದು ಬರುವಂತಿರಲಿಲ್ಲ.

*

ಜುಂಜಣ್ಣ ಲಿವರ್ ಎಳೆದು ಬಂಡೆಗೆ ಗಾಡಿ ಬಿಟ್ಟ. ಅರ್ಧ ಹತ್ತಿತು. ಹಿಂದಿನ ಚಕ್ರ ಹೊಗೆಯೆದ್ದು ತಿರುಗಿತು, ಮುಂದಿನದು ಸುಮ್ಮನಿತ್ತು. ಅಯ್ಯನವರ ಮಂತ್ರ ನಿಂತು “ಅಯ್ಯಯ್ಯೋ” ಶುರುವಾಯಿತು. ಜುಂಜಣ್ಣ ಬ್ರೇಕು ತುಳಿದು, ಕೈಬ್ರೇಕು ಜಗ್ಗಿದ. ಜೀಪು ವಾಲಿ ನಿಂತಿತು. ಮುರುಗಪ್ಪ ಮೆಲ್ಲಗೆ ಬಲಕ್ಕೆ ಬಾಗಿ ಅವನ ಭುಜದ ಮೇಲೆ ತಲೆಯಿಟ್ಟ.

ಆಗ ಜುಂಜಣ್ಣನ ಬಾಯಿ ಬಿಟ್ಟುಕೊಂಡಿತು.

“ಈಗ ಬಂದ್ಯಾ? ಮೂರು ವರ್ಷ ಎಲ್ಲೋಗಿದ್ಯೋ? ಕುರಿ ಕಾಯೋನು ಅಂದ್ಯಲ್ಲೋ ನನ್ನ! ನಾಲ್ಕೂ ಕಾಲು ಸರಿ ಅವೆ ಕಣೋ, ಇವತ್ತಿಗೂ ಹೇಳ್ತೀನಿ, ಸರಿ ಅವೆ!”

ಬೈಯುತ್ತ ಬೈಯುತ್ತ ಅಳುತ್ತಿದ್ದ. ಹಿಂದೆ ನಡೆದು ಬರುತ್ತಿದ್ದವರು ಬಂಡೆಯ ಬುಡದಲ್ಲಿ ನಿಂತುಬಿಟ್ಟರು. “ಹೆಣದ ಜೊತೆ ಜಗಳ ಆಡ್ತಾನಲ್ರೀ,” ಎಂದ ಮೂರ್ತಪ್ಪ. ಬಸಮ್ಮ ಅವನನ್ನು ಪಕ್ಕಕ್ಕೆ ಸರಿಸಿ, ಸೆರಗು ಸಿಕ್ಕಿಸಿಕೊಂಡು, ಬಂಡೆಗೆ ಕೈಯೂರಿ ಹತ್ತಿ ಬಂದಳು.

“ಸರಿ ಅವಂತೆ, ಜುಂಜಣ್ಣ.”

“ಏನಮ್ಮ?”

“ನಾಲ್ಕೂ ಸರಿ ಅವಂತೆ. ಹದಿನೈದು ದಿನದ ಹಿಂದೆ ಫೋನ್ನಾಗೆ ಯಾವಳೋ ಹುಡುಗಿ ಇಂಥದೇ ಗಾಡಿ ನಿಲ್ಸಿ, ಇಳಿದು, ಮುಂದಿನ ಚಕ್ರದ ನಟ್ಟನಡುವೆ ಒಂದು ಗುಂಡಿ ತಿರುಗಿಸಿ ಹತ್ತಿದ್ಲಂತೆ. ಅದನ್ನ ಕೈಯಾಗೇ ತಿರುಗಿಸ್ಬೇಕಂತೆ, ಇಲ್ದಿದ್ರೆ ಮುಂದಿನ ಚಕ್ರಕ್ಕೆ ಎಳೆತ ಹತ್ತಲ್ವಂತೆ. ಆಮ್ಯಾಲೇ ಲಿವರ್ರು. ನೋಡಿದ್ದೇ ಜೀಪಿನ ಕೆಳಗೆ ಹೋದ್ರು, ಅರ್ಧ ಗಂಟೆ ಒಬ್ಬರೇ ನಗ್ತಾ ಬಿದ್ದಿದ್ರು. ಲಕ್ವ ಹೊಡೀತು ಅಂತ ನಾನು ನೀರು ತಂದೆ. ‘ಬಸಿ, ಜುಂಜ ಹೇಳಿದ್ದೇ ಸರಿ ಕಣೇ’ ಅಂದ್ರು.”

ಜುಂಜಣ್ಣ ಅವಳ ಕಡೆ ತಿರುಗಿದ. “ಮತ್ತೆ ಯಾಕೆ ಹೇಳ್ಲಿಲ್ಲ?”

“‘ನಾನೇ ಹೇಳ್ಬೇಕು, ನೀನು ಬಾಯಿ ಬಿಟ್ಟೀಯ’ ಅಂತ ಆಣೆ ಹಾಕಿಸ್ಕಂಡ್ರು. ಎರಡು ಸಲ ನಿಮ್ಮ ಹಟ್ಟಿ ಬಾಗಿಲ ತನಕ ಬಂದು ತಿರುಗಿ ಬಂದ್ರು. ಒಂದ್ಸಲ ನಾಯಿ ಬೊಗಳ್ತು ಅಂದ್ರು. ಇನ್ನೊಂದ್ಸಲ ನಾಯಿ ಬೊಗಳ್ಲಿಲ್ಲ, ಅದಕ್ಕೇ ನಾಚಿಕೆ ಆತು ಅಂದ್ರು.”

ಜುಂಜಣ್ಣ ಮುರುಗಪ್ಪನ ತಲೆಯನ್ನು ಎತ್ತಿ ಸೀಟಿಗೆ ಒರಗಿಸಿದ. ಅಯ್ಯನವರಿಗೆ ಹಿಂದಿನಿಂದ ಹಿಡಿದುಕೊಳ್ಳಲು ಹೇಳಿ, ಚಕ್ರಗಳಿಗೆ ಕಲ್ಲು ಕೊಡಿಸಿ ಇಳಿದ. ಮುಂದಿನ ಚಕ್ರದ ನಡುವೆ, ದಪ್ಪ ಗ್ರೀಸಿನ ಕೆಳಗೆ, ಮುಷ್ಟಿಗಾತ್ರದ ತಿರುಗುವ ಗುಂಡಿಯಿತ್ತು. ಗೊರಸು ಬಿಡಿಸಿ ನೋಡುವವನು ತಾನು, ಕೊಳ್ಳುವ ದಿನವೇ ಇದನ್ನು ತಿರುವಿ ನೋಡಲಿಲ್ಲವಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು. ಎರಡೂ ಕೈಯಿಂದ ಹಿಡಿದು ತಿರುಗಿಸಿದ. ಕಟಕ್ ಎಂದಿತು. ಆ ಕಡೆಯದನ್ನೂ ತಿರುಗಿಸಿದ.

ಈ ಸಲ ಜೀಪು ಬಂಡೆಯನ್ನು ಕಚ್ಚಿ ಹಿಡಿದು ಹತ್ತಿತು, ಮದವೇರಿದ ಟಗರಿನ ಹಾಗೆ. ಕೆಳಗೆ ನಿಂತವರು ಸಾವಿನ ಮೆರವಣಿಗೆ ಎಂಬುದನ್ನು ಮರೆತು ಸಿಳ್ಳೆ ಹಾಕಿದರು. ಅಯ್ಯನವರು, ಯಾಕೆಂದು ಅವರಿಗೂ ತಿಳಿಯದೆ, ಶಂಖ ಊದಿದರು.

*

ಹೊಲದಲ್ಲಿ ತೋಡಿದ ಗುಂಡಿಯ ಗೋಡೆಯಲ್ಲಿ ಗೂಡು ಕೊರೆದಿದ್ದರು. ಅದರಲ್ಲಿ ಮುರುಗಪ್ಪನನ್ನು ಪದ್ಮಾಸನದಲ್ಲಿ ಕೂರಿಸಬೇಕು. ಕೆಳಗಿಳಿದ ಇಬ್ಬರಿಗೆ ಭಾರ ತಡೆಯಲಾಗಲಿಲ್ಲ. ಮುರುಗಪ್ಪ ಮತ್ತೆ ಬಲಕ್ಕೆ ವಾಲಿದ. ಜುಂಜಣ್ಣ ಯಾರನ್ನೂ ಕೇಳದೆ ಗುಂಡಿಗೆ ಇಳಿದ.

“ಏಯ್, ನೀನು ಇಳೀಬಾರ್ದಪ್ಪ! ನಮ್ಮೋರೇ ಆಗ್ಬೇಕು,” ಎಂದ ಮೂರ್ತಪ್ಪ. “ಅಯ್ನೋರೇ, ಶಾಸ್ತ್ರ ಏನೈತೆ ಹೇಳ್ರಿ.”

ಅಯ್ಯನವರು ಶಂಖ ಪಕ್ಕಕ್ಕಿಟ್ಟು ನೆಲಕ್ಕೆ ಕುಕ್ಕರಿಸಿದ್ದರು. “ಆ ಗಾಡ್ಯಾಗೆ ಬಂದಮ್ಯಾಲೆ ನಂಗೆ ಯಾವ ಶಾಸ್ತ್ರನೂ ನೆನಪಿಲ್ಲ. ಮೊದ್ಲು ನೆಟ್ಟಗೆ ಕೂರಿಸ್ರಪ್ಪ.”

ಜುಂಜಣ್ಣ ಗೆಳೆಯನ ಬಲ ಹೆಗಲನ್ನು ಗಟ್ಟಿಯಾಗಿ ಹಿಡಿದು ನೆಟ್ಟಗೆ ಮಾಡಿದ. ಬೆನ್ನು ಗೂಡಿಗೆ ಆತುಕೊಳ್ಳುವವರೆಗೂ ಬಿಡಲಿಲ್ಲ. ಅಯ್ಯನವರು ನೆನಪಾದಷ್ಟು ಮಂತ್ರ ಹೇಳಿದರು. ಬಿಲ್ವಪತ್ರೆ, ವಿಭೂತಿ, ಉಪ್ಪು ಬಿದ್ದವು. ಕೊನೆಗೆ ಅವನು ಕೈ ಬಿಟ್ಟು, ಶರಣ್‌ನ ಕೈ ಹಿಡಿದು ಮೇಲೆ ಬಂದ.

ಆಗ ಎಲ್ಲರಿಗೂ ಕಾಣಿಸಿತು. ಹೊಸ ಬಿಳಿ ಶಲ್ಯದ ಮೇಲೆ, ಬಲ ಹೆಗಲಿನಲ್ಲಿ, ಅಂಗೈ ಸಮೇತ ಐದು ಬೆರಳು ಕಪ್ಪಗೆ ಮೂಡಿದ್ದವು.

“ಗ್ರೀಸು! ಥೂ, ಒರೆಸ್ರಲೇ ಅದನ್ನ,” ಎಂದು ಮೂರ್ತಪ್ಪ ಟವೆಲ್ ಎತ್ತಿದ.

“ಇರ್ಲಿ ಬಿಡ್ರಿ,” ಎಂದಳು ಬಸಮ್ಮ.

ಮೊದಲ ಹಿಡಿ ಮಣ್ಣು ಅವಳೇ ಹಾಕಿದಳು. ಆಮೇಲೆ ಒಬ್ಬೊಬ್ಬರೇ ಬಂದು ಹಾಕಿದರು. ಮಣ್ಣು ಮಡಿಲಿಗೆ ಬಂತು, ಎದೆಗೆ ಬಂತು, ಸೇವಂತಿಗೆ ಹಾರ ಮುಚ್ಚಿತು. ಹೆಗಲ ಮೇಲಿನ ಕೈ ಮಾತ್ರ ಇನ್ನೂ ಸ್ವಲ್ಪ ಹೊತ್ತು ಹಾಗೇ ಕಾಣುತ್ತಿತ್ತು.