ಕೋಲು ಕೊಡುವ ಹೊತ್ತು

ಬಳ್ಳಾರಿಯಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಒಂದು ಜಿನ್ನಿನಲ್ಲಿ ಒಂದು ಕಟ್ಟಳೆಯಿತ್ತು. ಯಂತ್ರ ನಿಲ್ಲುವಂತಿಲ್ಲ, ಪಾಳಿ ಮುಗಿದವನು ಹತ್ತಿ ತಳ್ಳುವ ಬಿದಿರುಕೋಲನ್ನು ಬದಲಿ ಆಳಿನ ಕೈಗೆ ಕೊಟ್ಟೇ ಕದಲಬೇಕು. ಕೋಲು ಬಿಟ್ಟು ಹೋದವನಿಗೆ ಮರುದಿನ ಬಾಗಿಲು ಮುಚ್ಚಿದ ಹಾಗೆಯೇ.

ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆ. ಪಾಳಿ ಬದಲಿಸುವ ಮಧ್ಯಾಹ್ನ ಎರಡರ ಕೂಗು ಆಗಿ ಒಂದು ಗಂಟೆ ಕಳೆದರೂ ಕೋಲು ಎರ್ರೆಪ್ಪನ ಕೈಯಲ್ಲೇ ಇತ್ತು. ಅವನ ಬದಲಿ, ಕೊಳಗಲ್ಲಿನ ಗವಿಸಿದ್ದಪ್ಪ, ಲಿಂಗಪೂಜೆ ಮುಗಿಸದೆ ಮನೆ ಬಿಡುವವನಲ್ಲ. ಆ ಪೂಜೆಗೆ ಗಡಿಯಾರವಿರಲಿಲ್ಲ.

ಎದುರಿಗೆ ಹತ್ತಿ ಹರವುತ್ತಿದ್ದ ಎರ್ರೆಪ್ಪನ ಹೆಂಡತಿ ಹನುಮಮ್ಮ, "ನಿಮ್ಮ ಶರಣ್ರನ್ನ ಶಿವ ಮಾತಿಗೆ ಕುಂದರಿಸ್ಯಾನ, ಎದ್ದು ಬರಾಕ ಬಿಡವಲ್ಲ" ಎಂದು ನಕ್ಕಳು.

ಎರ್ರೆಪ್ಪನಿಗೆ ನಗುವ ತ್ರಾಣವಿರಲಿಲ್ಲ. ನಸುಕಿನಿಂದ ನಿಂತ ಕಾಲು. ಕಣ್ಣು ಒಂದೇ ಗಳಿಗೆ ಮುಚ್ಚಿತು. ಕೋಲು ಯಂತ್ರದ ಉರುಳೆಗೆ ಸಿಕ್ಕಿ ಸಿಡಿಯಿತು. ಬಿದಿರ ಸಿಬಿರು ಹನುಮಮ್ಮನ ಎಡಗಣ್ಣಿಗೆ ನಾಟಿತು. ಬಿಳಿ ಹತ್ತಿಯ ಮೇಲೆಲ್ಲ ನೆತ್ತರು.

ಅವಳನ್ನು ಹಿಡಿದೆತ್ತುವಷ್ಟರಲ್ಲಿ ಗವಿಸಿದ್ದಪ್ಪ ಒಳಗೆ ಬಂದ. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. "ತುಸು ತಡಾತು ಎರ್ರೆಪ್ಪ, ಪೂಜಿ..."

ಮಾತು ಮುಗಿಯಲಿಲ್ಲ. ಎರ್ರೆಪ್ಪ ಅವನ ಕೊರಳಿನಲ್ಲಿ ಲಿಂಗದ ಕರಡಿಗೆ ತೂಗುತ್ತಿದ್ದ ಶಿವದಾರಕ್ಕೇ ಕೈಹಾಕಿ ಎಳೆದು ಯಂತ್ರದ ಮೇಲೆ ಕೆಡವಿದ. ಗುದ್ದಿದ; ತುಟಿ ಹರಿಯಿತು, ಹಲ್ಲು ಮುರಿಯಿತು.

"ನಿನ್ನ ಪೂಜಿ ನನ್ನ ಹೆಣ್ತಿ ಕಣ್ಣು ತಿಂತಲೇ!"

ಚೀಲದ ಹೊಲಿಗೆ ಕೊಯ್ಯುವ ಚೂರಿಯನ್ನು ಸೊಂಟದಿಂದ ಹಿರಿದ. ಅಷ್ಟರಲ್ಲಿ ದಾರ ಉರುಳೆಗೆ ಸುತ್ತಿಕೊಂಡಿತು. ಗವಿಸಿದ್ದಪ್ಪನ ಕೊರಳು ಬಿಗಿಯಿತು, ಮುಖ ಕಪ್ಪಿಟ್ಟಿತು, ಕಾಲುಗಳು ನೆಲಕ್ಕೆ ಬಡಿದಾಡಿದವು. ಇನ್ನು ಚೂರಿಗೆ ಕೆಲಸವಿರಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಎರ್ರೆಪ್ಪ ನಿಂತ.

"ಕೊಯ್ಯೋ ಆ ದಾರ!" ಕಣ್ಣಿಗೆ ಸೆರಗೊತ್ತಿಕೊಂಡೇ ಹನುಮಮ್ಮ ಚೀರಿದಳು. "ಅವ ಸತ್ರ ಕೋಲು ಯಾರ ಕೈಯಾಗ ಕೊಡ್ತಿ? ಪೊಲೀಸ್ರು ನಿನ್ನ ಒಯ್ದ್ರ ದವಾಖಾನಿಗೆ ನನ್ನ ಯಾರು ಒಯ್ತಾರ?"

ಚೂರಿ ದಾರವನ್ನು ಕೊಯ್ದಿತು. ಗವಿಸಿದ್ದಪ್ಪ ಕೆಮ್ಮುತ್ತ ನೆಲಕ್ಕೆ ಬಿದ್ದ; ಲಿಂಗದ ಕರಡಿಗೆ ಹತ್ತಿಕಾಳಿನೊಳಗೆ ಉರುಳಿತು. ಮೈಯಿಂದ ಲಿಂಗ ಅಗಲಿದರೆ ಅನ್ನ ನೀರು ಮುಟ್ಟದ ಮನೆತನ ಅವನದು. ಅದರತ್ತ ತೆವಳಿದ. ಎರ್ರೆಪ್ಪ ಗೋಡೆಗೆ ಒರಗಿಸಿದ್ದ ಮತ್ತೊಂದು ಕೋಲನ್ನು ತಂದು ಅವನ ಮುಂದೆ ಚಾಚಿದ.

"ಹಿಡಿ."

ಗವಿಸಿದ್ದಪ್ಪ ಕರಡಿಗೆಯನ್ನು ನೋಡಿದ. ಆ ಹೆಣ್ಣುಮಗಳ ಬೆರಳ ಸಂದಿಯಿಂದ ಇಳಿಯುತ್ತಿದ್ದ ನೆತ್ತರನ್ನು ನೋಡಿದ. ಅಲ್ಲಿ ಏನು ಕಂಡನೋ, ಶಿವನೇ ಬಲ್ಲ. ಕರಡಿಗೆಯನ್ನು ಅಲ್ಲೇ ಬಿಟ್ಟು ಎದ್ದು ನಿಂತು, ಬರಿಗೊರಳಿನಲ್ಲೇ ಕೋಲು ಹಿಡಿದ.

ಎರ್ರೆಪ್ಪ ಹೆಂಡತಿಯನ್ನು ಹೆಗಲಿಗೆ ಹಾಕಿಕೊಂಡು ಬಿಸಿಲಿಗೆ ಓಡಿದ.