ವೆಹ್ಬಿ ಮೇಸ್ತ್ರಿ ಹೇಳದೆ ಉಳಿಸಿಕೊಂಡ ಮಾತು

ವೆಹ್ಬಿ ಮೇಸ್ತ್ರಿಯ ಬಾಯಿಂದ ಉಪಚಾರದ ಮಾತು ಹೊರಡಿಸುವುದೆಂದರೆ ಒಣಗಿದ ಓಕ್ ಮರಕ್ಕೆ ಬರಿಗೈಯಲ್ಲಿ ಮೊಳೆ ಹೊಡೆದಂತೆ. ಅಂಕಾರಾದ ಸಿತೆಲೆರ್ ಎಂಬ ನಮ್ಮ ಬಡಗಿಗಳ ಬಡಾವಣೆಯಲ್ಲಿ ಬೆಳಗಾದರೆ ಸಾಕು, ‘ಕೆಲಸ ಹಗುರಾಗಲಿ’, ‘ಕೈಗೆ ಆರೋಗ್ಯವಿರಲಿ’ ಎಂಬ ಹಾರೈಕೆಗಳು ಮರದ ಹೊಟ್ಟಿನಷ್ಟೇ ಧಾರಾಳವಾಗಿ ಬೀದಿಯುದ್ದಕ್ಕೂ ಹಾರಾಡುತ್ತವೆ. ಆತ ಅವನ್ನೆಲ್ಲ ಕೇಳಿಸಿಕೊಂಡು, ತೂಗಿ ನೋಡಿ, ನಿಜವೆನಿಸಿದರೆ ಮಾತ್ರ ತಿರುಗಿ ಹೇಳುವ ಆಸಾಮಿ. ಹೆಗಲ ಮೇಲೆ ಹಲಗೆಯಿಲ್ಲದಾಗಲೂ ಹಲಗೆ ಹೊತ್ತವನಂತೆ ಓರೆಯಾಗಿ ನಡೆಯುವ ನಡಿಗೆ, ಸುಡುಬೇಸಿಗೆಯಲ್ಲೂ ಕಳಚದ ಕಂದು ಕೋಟು, ಎಡಗೈಯಲ್ಲಿ ಉಳಿದ ಬೆರಳುಗಳ ನಡುವೆ ಚಹಾದ ಲೋಟ. ಎದುರಂಗಡಿಯಲ್ಲಿ ಸೋಫಾಗಳಿಗೆ ಬಟ್ಟೆ ಹೊದಿಸುವ ನಾನು ಈ ಮೂರ್ತಿಯನ್ನು ನೋಡುತ್ತಲೇ ತಲೆ ನರೆಸಿಕೊಂಡವನು.

“ಅಡುಗೆ ಚೆನ್ನಾಗಿದೆ ಅಂತ ಇವ್ರು ಹೇಳಿದ ದಿನ, ಹಿಂದೆ ಯಾರಾದ್ರೂ ನೆಂಟರು ನಿಂತಿದ್ದಾರೇನೋ ಅಂತ ತಿರುಗಿ ನೋಡ್ತೀನಿ” ಎಂದು ಆತನ ಹೆಂಡತಿ ನಗುತ್ತಿದ್ದಳು. ಪಕ್ಕದಂಗಡಿಯವನು ಗಿರಾಕಿಯ ಮುಂದೆ ತನ್ನ ಬೀರು ತೋರಿಸಿ, “ಹೇಳು ಮೇಸ್ತ್ರಿ, ಹೇಗಿದೆ?” ಎಂದು ಉಬ್ಬಿ ಕೇಳಿದಾಗ ಈತ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಬಾಗಿಲು ಚೆನ್ನಾಗಿದೆ” ಎಂದುಬಿಟ್ಟ. ಆ ಚಳಿಗಾಲವೆಲ್ಲ ಪಕ್ಕದಂಗಡಿಯವನು ಮುಖ ಕೊಟ್ಟು ಮಾತಾಡಲಿಲ್ಲ.

ಎಡಗೈಯ ಎರಡು ಬೆರಳು ಹೋದದ್ದು ಶಾಬಾನನ ದೆಸೆಯಿಂದ. ಹರೆಯದಲ್ಲಿ ಇಬ್ಬರೂ ಒಂದೇ ಅಂಗಡಿಯ ಪಾಲುದಾರರು. ಗರಗಸದ ಚಕ್ರದ ಮೇಲೆ ಕಬ್ಬಿಣದ ಮುಚ್ಚಳವೊಂದಿರುತ್ತದೆ. ದಪ್ಪ ದಿಮ್ಮಿ ಅದರಡಿ ತೂರುವುದಿಲ್ಲವೆಂದು ನಮ್ಮ ಬೀದಿಯಲ್ಲಿ ಎಲ್ಲರೂ ಅದನ್ನು ಬಿಚ್ಚುತ್ತಾರೆ, ಆಮೇಲೆ ಹಾಕಿದರಾಯಿತೆಂದು ಮೂಲೆಗಿಟ್ಟು ಮರೆಯುತ್ತಾರೆ. ಶಾಬಾನನೂ ಬಿಚ್ಚಿ ಮರೆತ. ಮುಚ್ಚಳವಿದೆಯೆಂಬ ನಂಬಿಕೆಯಲ್ಲಿ ವೆಹ್ಬಿ ಯಾರಿಗೋ ಉತ್ತರ ಕೊಡುತ್ತ ಹಲಗೆ ತಳ್ಳಿದ. ಅಂದಿಗೆ ಪಾಲುದಾರಿಕೆ ಮುಗಿಯಿತು.

ವಾರ್ನಿಷಿನ ಗಾಳಿ ಕುಡಿದು ಕುಡಿದು ಶ್ವಾಸಕೋಶ ಸೋತು ಶಾಬಾನ್ ಹಾಸಿಗೆ ಹಿಡಿದಾಗ ವೆಹ್ಬಿಗೆ ಹೇಳಿಕಳಿಸಿದ. ನಾನೂ ಜೊತೆಗೆ ಹೋದೆ.

“ವೆಹ್ಬಿ, ನಾ ಹೊರಟೆ ಕಣೋ. ‘ಹಲಾಲ್ ಆಗ್ಲಿ, ಋಣ ಬಿಟ್ಟೆ’ ಅಂತ ಒಂದ್ಮಾತು ಹೇಳ್ಬಿಡು. ನಿನ್ನ ಬೆರಳಿನ ಋಣ ಹೊತ್ಕೊಂಡು ಮಣ್ಣಿಗೆ ಹೋಗೋಕಾಗಲ್ಲ.”

“ಇನ್ನೂ ಮನಸ್ಸಿಂದ ಬಂದಿಲ್ಲ ಶಾಬಾನ್. ಸಾಯೋನಿಗೆ ಸುಳ್ಳು ಹೇಳ್ಲಾ?”

“ಥೂ! ನೀನೂ ನಿನ್ನ ಹಾಳು ಸತ್ಯಾನೂ!” ಎಂದು ಶಾಬಾನ್ ಕೆಮ್ಮುವವರೆಗೆ ನಕ್ಕ. ಅವನ ಹೆಂಡತಿ ಗುಲಿಝಾರ್ ನಗಲಿಲ್ಲ.

ಮೆಟ್ಟಿಲಿಳಿಯುವಾಗ ನನಗೆ ತಡೆಯಲಾಗಲಿಲ್ಲ. “ನೀನು ಕಲ್ಲು ಕಣಣ್ಣ.”

“ಕಲ್ಲಾಗಿದ್ರೆ ಸಲೀಸಾಗಿ ಹೇಳ್ಬಿಡ್ತಿದ್ದೆ” ಎಂದ.

ಶಾಬಾನ್ ತೀರಿಕೊಂಡ. ಮಸೀದಿಯ ಅಂಗಳದಲ್ಲಿ ಶವಪೆಟ್ಟಿಗೆಯ ಮುಂದೆ ನಿಂತು ಇಮಾಮರು, “ಇವನ ಮೇಲಿನ ಋಣವನ್ನೆಲ್ಲ ಬಿಟ್ಟುಕೊಡುವಿರಾ?” ಎಂದು ವಾಡಿಕೆಯಂತೆ ಮೂರು ಸಲ ಕೇಳಿದರು; ಹಿಂದಿನ ವಾರವಷ್ಟೇ ಅವನನ್ನು ಬೈದಿದ್ದವರೂ ಸೇರಿ ನಾವೆಲ್ಲ, “ಹಲಾಲ್ ಆಗಲಿ” ಎಂದು ಒಕ್ಕೊರಲಿನಿಂದ ಕೂಗಿದೆವು. ವೆಹ್ಬಿಯ ತುಟಿ ಬಿಚ್ಚಲಿಲ್ಲ. ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು. ಆಮೇಲೆ ಪೆಟ್ಟಿಗೆಗೆ ಹೆಗಲು ಕೊಟ್ಟವನು, ಉಳಿದವರು ಸರದಿ ಬದಲಿಸುತ್ತಿದ್ದರೂ ತನ್ನ ಜಾಗವನ್ನು ಕೊನೆಯವರೆಗೂ ಯಾರಿಗೂ ಬಿಡಲಿಲ್ಲ. ಅದನ್ನು ಗುಲಿಝಾರ್ ಕಾಣಲಿಲ್ಲ. ಮುಚ್ಚಿದ ಬಾಯಿಯೊಂದೇ ಆಕೆಗೆ ಕಂಡಿತ್ತು. ‘ನನ್ನ ಗಂಡನ್ನ ಮಣ್ಣಲ್ಲೂ ಮಲಗೋಕೆ ಬಿಡದವನು ನನ್ನ ಹೊಸಿಲು ತುಳೀಬಾರದು’ ಎಂದು ಆಕೆ ಅಂದದ್ದು ಬೀದಿಗೆಲ್ಲ ಗೊತ್ತಾಯಿತು. ನನಗೂ ಆಕೆಯದೇ ಸರಿಯೆನಿಸಿತ್ತು.

ಶರತ್ಕಾಲದ ಒಂದು ಮಧ್ಯಾಹ್ನ. ಅಕ್ರೋಟು ಮರದ ದಪ್ಪ ದಿಮ್ಮಿ ಬಂದಿತ್ತು. ವೆಹ್ಬಿ ಮುಚ್ಚಳ ಬಿಚ್ಚಿ ದಿಮ್ಮಿ ಸೀಳಿದ. ಮುಚ್ಚಳವನ್ನು ಕಿಟಕಿಯ ಮೇಲಿಟ್ಟು ಚಹಾ ಕೈಗೆತ್ತಿಕೊಂಡ. ಅಷ್ಟರಲ್ಲಿ ಅಳಿಯ ರೆಮ್ಜಿ ಮುಚ್ಚಳವಿದೆಯೆಂದೇ ನಂಬಿ, ಸಣ್ಣ ಮರದ ಪಟ್ಟಿಯೊಂದನ್ನು ತಿರುಗುವ ಚಕ್ರಕ್ಕೆ ಒಡ್ಡಿದ. ಬೀದಿಯೇ ಬೆಚ್ಚುವಂತೆ ಕೂಗಿದ ವೆಹ್ಬಿ, ಲೋಟವನ್ನು ಎಸೆದು ಯಂತ್ರ ನಿಲ್ಲಿಸಿದ. ರೆಮ್ಜಿಯ ಕೈ ಉಳಿಯಿತು. ಮಾವ ಮುಚ್ಚಳವನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡ. ಆಮೇಲೆ ಹೊಟ್ಟು ಮೆತ್ತಿದ ಕೋಟಿನಲ್ಲೇ ಬೀದಿಗಿಳಿದು, “ಬಾ” ಎಂದು ನನ್ನನ್ನು ಕರೆದ.

ಗುಲಿಝಾರ್ ಬಾಗಿಲನ್ನು ಅರ್ಧ ಮಾತ್ರ ತೆರೆದಳು.

“ಅತ್ತಿಗೆ, ಇವತ್ತು ನಾನೂ ಇದನ್ನ ಬಿಚ್ಚಿ ಮರ್ತೆ. ಅಳಿಯನ ಕೈ ಉಳೀತು. ಅದು ದೇವರ ದಯೆ, ನನ್ನ ಜಾಣತನ ಅಲ್ಲ. ಶಾಬಾನನಿಗೆ ಹಲಾಲ್ ಆಗ್ಲಿ. ಪೂರ್ತಿ.”

“ಅವತ್ತೇ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಅವ್ರು ಕೇಳಿಸ್ಕೊಂಡು ಕಣ್ಮುಚ್ತಿದ್ರು.”

“ಅವತ್ತು ಬಂದಿರ್ಲಿಲ್ಲ ಅತ್ತಿಗೆ.”

ಆಕೆ ಆ ಕಬ್ಬಿಣವನ್ನು ಕೈಗೆ ತೆಗೆದುಕೊಂಡು, ತಲೆವಸ್ತ್ರದ ಅಂಚಿನಿಂದ ಅದರ ಧೂಳೊರೆಸಿ, ತಿರುಗಿ ಕೊಟ್ಟಳು. “ಮೊದಲು ಹೋಗಿ ಇದನ್ನ ಹಾಕು. ಆಮೇಲೆ ಬಾ, ಚಹಾ ಇಡ್ತೀನಿ.”

ಇಂಥವರ ಜೊತೆ ಬಾಳುವುದು ಕಷ್ಟ; ಬೇಕಾದ ಹೊತ್ತಿಗೆ ಒದಗದ ಸತ್ಯ ಸುಳ್ಳಿಗಿಂತ ಹೆಚ್ಚು ನೋಯಿಸಬಲ್ಲದು, ಶಾಬಾನ್ ಆ ಮಾತು ಕೇಳದೆಯೇ ಹೋದ. ಆದರೆ ಆಡಿದ ಮಾತಿಗೆ ಮೈಯೆಲ್ಲ ಒಪ್ಪಿಗೆ ಕೊಡುವವರೆಗೆ ಕಾಯುವ ಈ ಜಾತಿಯ ಜನ ಬೀದಿಗೊಬ್ಬರಾದರೂ ಇರದಿದ್ದರೆ, ನಮ್ಮ ಹಾರೈಕೆಗಳೆಲ್ಲ ಬರೀ ಹೊಟ್ಟು. ಅಂಗಳದಲ್ಲಿ ನಾವೆಲ್ಲ ಕೂಗಿದ್ದನ್ನು ಗುಲಿಝಾರ್ ಇಂದಿಗೂ ಮಾತಿಗೇ ತರುವುದಿಲ್ಲ. ಬಾಗಿಲಿಗೆ ತಡವಾಗಿ ಬಂದ ಆ ಒಂದು ಮಾತನ್ನು ಮಾತ್ರ, ಮರುದಿನ ಬೆಳಿಗ್ಗೆಯೇ ಗೋರಿಗೆ ಹೋಗಿ ಗಂಡನಿಗೆ ಹೇಳಿ ಬಂದಳು.